ಗೋಮಾಳದಲ್ಲಿ ಗಿಡ ಹಾಕೋಕೆ ಬಂದಾಗ ಕೇಳಬೇಕಾದ ಲೆಕ್ಕ

"ಗುಡ್ಡದ ಕೆಳಗೆ ಗಿಡ ಹಾಕ್ತಾರಂತೆ, ಕಂಪನಿಯವರೇ ದುಡ್ಡು ಹಾಕ್ತಾರಂತೆ. ಒಳ್ಳೇದೇ ಅಲ್ವೇನಪ್ಪಾ?" ನಮ್ಮ ಬಿಳಿಚೋಡು ಕಡೆ ಕುರಿ ಸಾಕುವ ಹಿರಿಯರು ಹೀಗೆ ಕೇಳ್ತಾರೆ. ತೋಟಗಾರಿಕೆ ಓದಿದವನು ಗಿಡ ಬೇಡ ಅನ್ನೋದು ಹೇಗೆ? ಆದರೆ ಯಾವ ಗಿಡ, ಎಲ್ಲಿ, ಯಾವುದಕ್ಕೆ ಬದಲಾಗಿ ಅನ್ನೋದು ಗೊತ್ತಾಗದೆ ನಾನು ಹೂಂ ಅನ್ನಲ್ಲ.

ಮೊದಲು ಈ 'ಬದಲಿ' ಲೆಕ್ಕ ತಿಳಿದುಕೊಳ್ಳಿ. ಗಣಿಗೋ, ರಸ್ತೆಗೋ, ಅಣೆಕಟ್ಟಿಗೋ ಅರಣ್ಯ ಭೂಮಿ ಕೊಟ್ಟರೆ ಬೇರೆ ಕಡೆ ಅಷ್ಟೇ ವಿಸ್ತೀರ್ಣದ ಅರಣ್ಯೇತರ ಜಮೀನಿನಲ್ಲಿ ಕಾಡು ಬೆಳೆಸಬೇಕು. ಅದು ಸಿಗದ ಕಡೆ, ನಿಯಮ ಒಪ್ಪಿದರೆ, ಹಾಳಾದ ಅರಣ್ಯದಲ್ಲೇ ಎರಡರಷ್ಟು ಜಾಗದಲ್ಲಿ ಬೆಳೆಸಬೇಕು. ಇದಕ್ಕೆ ಪರಿಹಾರಾತ್ಮಕ ಅರಣ್ಯೀಕರಣ ಅಂತಾರೆ. ಕಾಡು ತೆಗೆಯುವವರು ಕಟ್ಟಿದ ಹಣಕ್ಕೆ 2016ರಲ್ಲಿ ಕಾಯ್ದೆಯೇ ಬಂತು. 2019ರಲ್ಲಿ ಕೇಂದ್ರವು ರಾಜ್ಯಗಳಿಗೆ ಹಂಚಿದ ಈ ಹಣ 47 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಹಣ ಐತೆ, ಜಾಗ ಇಲ್ಲ. ಹಾಗಾಗಿ ಕಣ್ಣು ಬೀಳೋದು ಕಂದಾಯ ಭೂಮಿ ಮತ್ತು ಕುರುಚಲು ಕಾಡಿನ ಮೇಲೆ.

ದೂರದ ಮಾತಲ್ಲ. ಪಕ್ಕದ ಸಂಡೂರಿನ ದೇವದಾರಿ ಗಣಿ ಯೋಜನೆಯನ್ನೇ ತಗೊಳ್ಳಿ: ಸುಮಾರು 400 ಹೆಕ್ಟೇರ್ ಕಾಡು, 99 ಸಾವಿರಕ್ಕೂ ಹೆಚ್ಚು ಮರಗಳ ಪ್ರಶ್ನೆ ಅದು. ಅಂಥ ಕಾಡಿಗೆ ಬದಲಿ ಅಂತ ಎಲ್ಲೋ ಒಂದು ಬಯಲಿನಲ್ಲಿ ಸಸಿ ನೆಟ್ಟರೆ ಕಾಗದದಲ್ಲಿ ಲೆಕ್ಕ ಸರಿಹೋಗಬಹುದು.

2023ರ ಅಕ್ಟೋಬರ್‌ನಲ್ಲಿ ಇದರ ಜೊತೆಗೆ ಹಸಿರು ಕ್ರೆಡಿಟ್ ನಿಯಮಗಳು ಬಂದವು. ಕಂಪನಿ ಹಣ ಹಾಕುತ್ತೆ, ಅರಣ್ಯ ಇಲಾಖೆ ಹಾಳಾದ ಜಾಗದಲ್ಲಿ ಗಿಡ ನೆಡುತ್ತೆ, ಕಂಪನಿಗೆ ಕ್ರೆಡಿಟ್ ಸಿಗುತ್ತೆ. ಆ ಕ್ರೆಡಿಟ್ಟನ್ನು ಪರಿಹಾರಾತ್ಮಕ ಅರಣ್ಯೀಕರಣದ ಲೆಕ್ಕಕ್ಕೂ ತೋರಿಸಬಹುದು. 2024ರ ಫೆಬ್ರುವರಿಯ ಪದ್ಧತಿಯಲ್ಲಿ ಒಂದು ಮರಕ್ಕೆ ಒಂದು ಕ್ರೆಡಿಟ್, ಹೆಕ್ಟೇರಿಗೆ ಕನಿಷ್ಠ 1,100 ಗಿಡ. ಎಕರೆಗೆ ಇಳಿಸಿ ನೋಡಿ: ಸುಮಾರು 445. ಚನ್ನಗಿರಿ ಕಡೆ 9 ಅಡಿಗೊಂದರಂತೆ ಅಡಿಕೆ ಹಾಕಿದರೆ ಎಕರೆಗೆ ಸುಮಾರು 540 ಆಗುತ್ತೆ. ಅಂದರೆ ನೀರುಣಿಸಿ ಸಾಕುವ ತೋಟದ ಹತ್ತಿರ ಹತ್ತಿರದ ದಟ್ಟಣೆ, ಮಳೆಯನ್ನೇ ನಂಬಿದ ನೆಲದಲ್ಲಿ! ಜಗಳೂರು ಸೀಮೆ ಬಲ್ಲ ಯಾವ ರೈತನೂ ಇದನ್ನು ಒಪ್ಪಲ್ಲ.

2025ರ ಆಗಸ್ಟ್‌ನಲ್ಲಿ ಇದನ್ನು ತಿದ್ದಿದರು. ಈಗ ಐದು ವರ್ಷ ಕಳೆದು ಬದುಕಿರುವ ಮರಕ್ಕೆ ಮಾತ್ರ ಕ್ರೆಡಿಟ್. ಮರಗಳ ನೆತ್ತಿ ಕನಿಷ್ಠ ಶೇ. 40ರಷ್ಟು ನೆಲ ಮುಚ್ಚಿರಬೇಕು. ಗುಂಡಿ ಎಣಿಸಿ ಬಿಲ್ ಮಾಡೋದಕ್ಕಿಂತ ಇದು ಎಷ್ಟೋ ಮೇಲು, ಒಪ್ಪುತ್ತೇನೆ. ಆದರೆ ನನ್ನ ತಕರಾರು ಅಲ್ಲೇ ಇದೆ. ನಮ್ಮ ಬಯಲಿನ ಸ್ವಾಭಾವಿಕ ರೂಪವೇ ಶೇ. 40 ನೆರಳಿನದ್ದಲ್ಲ.

ಒಮ್ಮೆ ಸೆಪ್ಟೆಂಬರ್‌ನಲ್ಲಿ ಗೋಮಾಳದಲ್ಲಿ ನಡೆದು ನೋಡಿ. ಕಾರೆ, ತಂಗಡಿ, ಬಂದರಿಕೆ, ಕವಳೆ ಪೊದೆ, ಅಲ್ಲೊಂದು ಇಲ್ಲೊಂದು ತುಗ್ಗಲಿ, ಕಮರ, ಜಾಲಿ, ನಡುವೆಲ್ಲ ಹುಲ್ಲು. ಇದು ಹಾಳಾದ ಕಾಡಲ್ಲ, ಇದೇ ಇಲ್ಲಿನ ಕಾಡು. ನಮ್ಮ ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗಾಗಿ ಸುಮಾರು 77 ಚದರ ಕಿ.ಮೀ. ವನ್ಯಧಾಮ ಮಾಡಿರೋದು ಇಂಥ ಕುರುಚಲು–ಹುಲ್ಲಿನ ನೆಲದಲ್ಲೇ. ದಟ್ಟ ನೆರಳು ಬಿದ್ದರೆ ಈ ಹುಲ್ಲು ಹೋಗುತ್ತೆ. ಹಳೇ ನೀಲಗಿರಿ ತೋಪಿನ ಬುಡ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಹುಲ್ಲು ಹೋದರೆ ಕುರಿ ಹೋಗುತ್ತೆ. ಕುರಿ ಹೋದರೆ ನನ್ನಂಥ ಸಾವಯವದವನ ಹೊಲಕ್ಕೆ ಗೊಬ್ಬರ ಎಲ್ಲಿಂದ? ಬಿತ್ತನೆಗೆ ಮುಂಚೆ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ಹಿಕ್ಕೆ, ಗಂಜಲ ಎರಡೂ ನೆಲಕ್ಕೇ ಬೀಳುತ್ತೆ, ಸಾಗಿಸೋ ಖರ್ಚಿಲ್ಲ. ಆ ಮಂದೆ ಹಗಲು ಮೇಯೋದು ಇದೇ 'ಪಾಳು' ಅನ್ನಿಸಿಕೊಂಡ ಜಾಗದಲ್ಲಿ. ಗಿಡ ಹಾಕಿ ಬೇಲಿ ಸುತ್ತಿದರೆ ಐದು ವರ್ಷ ಕುರಿಗಾಹಿ ಎಲ್ಲಿಗೆ ಹೋಗಬೇಕು ಅನ್ನೋದಕ್ಕೆ ಕ್ರೆಡಿಟ್ ಪಟ್ಟಿಯಲ್ಲಿ ಕಲಂ ಇಲ್ಲ.

ಚಳ್ಳಕೆರೆಯ ಅಮೃತಮಹಲ್ ಕಾವಲುಗಳ ಕಥೆ ನಿಮಗೆ ಗೊತ್ತೇ ಇದೆ. 2010ರ ಹೊತ್ತಿಗೆ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಬಾರ್ಕ್, ಇಸ್ರೊ ಮುಂತಾದವಕ್ಕೆ ಸುಮಾರು 10 ಸಾವಿರ ಎಕರೆ ಹೋಯಿತು. ಜಗಳ ಹಸಿರು ನ್ಯಾಯಮಂಡಳಿವರೆಗೆ ಹೋಯಿತು. ಆ ಹುಲ್ಲಿಗೆ ಬದಲಿ ಹುಲ್ಲನ್ನು ಎಲ್ಲಿಂದ ತರೋದು?

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಸ್ಥಳೀಯ ಸಸ್ಯವರ್ಗದ ಕ್ರೆಡಿಟ್ ಅಂತಾನೇ ಒಂದು ವ್ಯವಸ್ಥೆ ಇದೆ. ಅಲ್ಲಿ ರೈತ ತನ್ನ ಜಮೀನಿನಲ್ಲಿ ಈಗಾಗಲೇ ಇರುವ ನಾಡ ಹುಲ್ಲು, ಪೊದೆ, ಮರ ಉಳಿಸಿಕೊಳ್ಳುತ್ತೇನೆ ಅಂತ ಒಪ್ಪಂದ ಬರೆದುಕೊಡ್ತಾನೆ. 10 ವರ್ಷ ಕಳೆ ತೆಗೆದು ನಿಗಾ ಮಾಡ್ತಾನೆ, ಕ್ರೆಡಿಟ್ ಮಾರ್ತಾನೆ. ಒಪ್ಪಂದ ಜಮೀನಿಗೇ ಅಂಟಿಕೊಂಡಿರುತ್ತೆ, ಮಾರಿದರೂ ಹೋಗಲ್ಲ. ಅದರಲ್ಲೂ ಹುಳುಕು ಇರಬಹುದು, ಕಡಿದ ಹಳೇ ಮರ ಯಾವ ಕ್ರೆಡಿಟ್‌ಗೂ ವಾಪಸ್ ಬರಲ್ಲ. ಆದರೂ ಅಲ್ಲಿ ಹುಲ್ಲಿಗೂ ಬೆಲೆ ಇದೆ.

ನಮ್ಮಲ್ಲಿ "ಹೊಲದ ಬದುವಿನ ಬೇವಿಗೆ ಹಸಿರು ಕ್ರೆಡಿಟ್ ಸಿಗುತ್ತಾ?" ಅಂತ ಕೇಳುವವರಿದ್ದಾರೆ. ಈ ಗಿಡ ನೆಡುವ ಯೋಜನೆ ಇರೋದು ಅರಣ್ಯ ಇಲಾಖೆ ಕೈಯಲ್ಲಿರುವ ಜಾಗಕ್ಕೆ. ಹೆಸರು ನೋಂದಾಯಿಸಿ ಕೊಡ್ತೀವಿ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಊರಿನಲ್ಲಿ ಪ್ರಸ್ತಾವ ಬಂದರೆ ಮೊದಲು ಸರ್ವೆ ನಂಬರ್ ಕೇಳಿ. ದಿಶಾಂಕ್ ಆ್ಯಪ್‌ನಲ್ಲಿ ಜಾಗ ಗುರುತಿಸಿ, ಪಹಣಿಯಲ್ಲಿ ಅದು ಗೋಮಾಳವೋ, ಕಾವಲೋ, ಅರಣ್ಯವೋ ನೋಡಿ. ಗೋಮಾಳವಾದರೆ 100 ಜಾನುವಾರಿಗೆ 30 ಎಕರೆ ಬಿಡಬೇಕು ಅನ್ನುವ ಕಂದಾಯ ನಿಯಮ ಇದೆ. ಊರಿನ ಜಾನುವಾರು ಗಣತಿ ಹಿಡಿದು ಲೆಕ್ಕ ಹಾಕಿ, ಗ್ರಾಮಸಭೆಯಲ್ಲಿ ಬರೆಸಿ. ಪಂಚಾಯ್ತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲಾತಿಯಲ್ಲಿ ನಿಮ್ಮ ಬಯಲಿನ ಹುಲ್ಲು, ಪೊದೆಗಳ ಹೆಸರು ಸೇರಿಸಿ. ಕುರಿಗಾಹಿಗಳಿಗಿಂತ ಚೆನ್ನಾಗಿ ಆ ಹೆಸರು ಹೇಳುವವರು ಇನ್ನಾರೂ ಇಲ್ಲ.

ಗಿಡ ಹಾಕಲೇಬೇಕು ಅಂದರೆ ಹಳ್ಳದ ಅಂಚು, ಕಟ್ಟೆ ಹಿಂಭಾಗ, ಬಳ್ಳಾರಿ ಜಾಲಿ ನುಂಗಿದ ಜಾಗ ತೋರಿಸಿ. ಆ ಜಾಲಿ ಕಿತ್ತು ಕಮರ, ತುಗ್ಗಲಿ, ಹೊಂಗೆ ಹಾಕಿದರೆ ನಾನೇ ಗುದ್ದಲಿ ಹಿಡಿದು ಬರ್ತೀನಿ. ತುಗ್ಗಲಿ ಸೊಪ್ಪು ಹಸಿರೆಲೆ ಗೊಬ್ಬರಕ್ಕೂ ಆಗುತ್ತೆ.

ಇನ್ನೊಂದು. ಸ್ಥಳ ತನಿಖೆಗೆ ಮಾರ್ಚ್–ಏಪ್ರಿಲ್‌ನಲ್ಲಿ ಬಂದವರಿಗೆ ಎಲ್ಲವೂ ಬೋಳು ನೆಲವೇ. ಹಾಗಾಗಿ ಮಳೆಗಾಲ ಮುಗಿಯುವ ಮುಂಚೆ, ಹುಲ್ಲು ಮೊಣಕಾಲು ಮುಟ್ಟುವಾಗ, ದಿನಾಂಕ ಮತ್ತು ಜಾಗ ಬೀಳುವಂತೆ ಫೋಟೊ ತೆಗೆದು ಇಟ್ಟುಕೊಳ್ಳಿ. ಕುರಿ ಮೇಯುತ್ತಿರುವ ಫೋಟೊ ಇದ್ದರೆ ಇನ್ನೂ ಒಳ್ಳೇದು.