ಮಣ್ಣಿನ ಎತ್ತು, ದಂಟಿನ ಬಂಡಿ

‘ಆಟಿಕೆ’ ಎಂಬುದು ‘ಆಡು’ ಧಾತುವಿನಿಂದ ಹುಟ್ಟಿದ ಅಚ್ಚಗನ್ನಡ ಶಬ್ದ. ಈ ಧಾತುವಿಗೆ ಕ್ರೀಡಿಸು ಎಂಬ ಅರ್ಥವಿರುವಂತೆ ಅಲುಗು ಎಂಬ ಅರ್ಥವೂ ನುಡಿ ಎಂಬ ಅರ್ಥವೂ ಉಂಟು. ಮಕ್ಕಳ ಕೈಯ ಆಟಿಕೆಯಲ್ಲಿ ಈ ಮೂರೂ ಒಂದುಗೂಡುತ್ತವೆ. ಅದು ಅಲುಗಬೇಕು, ಅದರೊಡನೆ ಮಾತನಾಡಲು ಬರಬೇಕು, ಅನಂತರವೇ ಆಟ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬಾಲ್ಯವನ್ನು ಕಳೆದು, ಮಠಗಳ ಪ್ರಸಾದನಿಲಯಗಳಲ್ಲಿ ಓದಿ ಮುಂದೆ ಬಂದ ಹಿರಿಯರನ್ನು ಅವರ ಮೆಚ್ಚಿನ ಆಟಿಕೆ ಯಾವುದೆಂದು ಕೇಳಿದರೆ, ಅವರ ಬಾಯಿಂದ ಮೊದಲು ಬರುವುದು ಅಂಗಡಿಯಿಂದ ತಂದ ವಸ್ತುವಿನ ಹೆಸರಲ್ಲ; ತಮ್ಮ ಕೈಯಿಂದಲೇ ಮಾಡಿದ ಮಣ್ಣಿನ ಎತ್ತು, ಜೋಳದ ದಂಟಿನ ಬಂಡಿ.

ಜ್ಯೇಷ್ಠ ಮಾಸದ ಹುಣ್ಣಿಮೆಯೇ ಕಾರಹುಣ್ಣಿಮೆ. ಅಂದು ಕೊಟ್ಟಿಗೆಯ ಎತ್ತುಗಳಿಗೆ ಸಿಂಗಾರ, ಪೂಜೆ, ಮೆರವಣಿಗೆ. ಅದಾದ ಹದಿನೈದನೆಯ ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಅಂದು ಪೂಜೆಗೊಳ್ಳುವುದು ಮಣ್ಣಿನ ಎತ್ತು. ಮುಂಗಾರಿನ ಬಿತ್ತನೆಯ ಹೊತ್ತಿನಲ್ಲಿ ಒಕ್ಕಲಿಗನಿಗೆ ಆಧಾರವಾದ ಮಣ್ಣು, ಎತ್ತು ಎರಡನ್ನೂ ಒಂದೇ ಮೂರ್ತಿಯಲ್ಲಿ ಕಾಣುವ ಈ ಆಚರಣೆಯ ಔಚಿತ್ಯ ದೊಡ್ಡದು. ಕುಂಬಾರರು ಜೋಡಿ ಎತ್ತುಗಳನ್ನು ಮಾಡಿ ಮನೆಮನೆಗೆ ಕೊಡುವ ರೂಢಿಯುಂಟು. ಆದರೆ ಮಕ್ಕಳಿಗೆ ಅಷ್ಟರಿಂದ ತೃಪ್ತಿಯೆಲ್ಲಿಯದು? ಹಳ್ಳದ ದಂಡೆಯಿಂದ ಜಿಗುಟಾದ ಎರೆಮಣ್ಣನ್ನು ತಂದು, ಹರಳು ಆರಿಸಿ, ನಾದಿ, ಒಂದೇ ಮುದ್ದೆಯಿಂದ ಕಾಲುಗಳನ್ನು ಎಳೆದು, ಬೆನ್ನಿನ ಮೇಲೆ ಹಿಣಿಲನ್ನು ಎತ್ತಿ, ಕೊರಳ ಕೆಳಗೆ ಗಂಗೆದೊಗಲನ್ನು ಇಳಿಬಿಟ್ಟು, ಕಣ್ಣಿಗೆ ಗುಲಗಂಜಿಯನ್ನೋ ಕುಸುಬೆಯ ಕಾಳನ್ನೋ ಒತ್ತುವರು. ನೀರು ಹೆಚ್ಚಾದರೆ ಕಾಲು ಕುಸಿದು, ಬೆಳಗಾಗುವಷ್ಟರಲ್ಲಿ ಎತ್ತು ಮಲಗಿಬಿಟ್ಟಿರುವುದು. ನೀರು ಕಡಿಮೆಯಾದರೆ ಮೈಯೆಲ್ಲ ಬಿರುಕು. ಬಿಸಿಲಿಗಿಟ್ಟವನ ಎತ್ತು ಸೀಳುವುದು, ನೆರಳಿಗಿಟ್ಟವನದು ಉಳಿಯುವುದು. ಕೋಡಿನ ವಿಷಯದಲ್ಲಂತೂ ದೊಡ್ಡ ತಕರಾರು. ಕಿಲಾರಿ ಎತ್ತಿನ ಕೋಡು ಹಿಂದಕ್ಕೆ ಬಾಗಿ ಮೇಲೇಳುವಂಥದು. ಅದನ್ನು ಅಡ್ಡಾದಿಡ್ಡಿಯಾಗಿ ಇಟ್ಟವನನ್ನು ಜೊತೆಗಾರರು ಸುಮ್ಮನೆ ಬಿಡುತ್ತಿರಲಿಲ್ಲ. ಪೂಜೆ ಮುಗಿದು ಹೋಳಿಗೆಯ ನೈವೇದ್ಯವಾದ ಮೇಲೆ ಜಗಲಿಯ ದೇವರು ಮಕ್ಕಳ ಸೊತ್ತು. ‘ವೃಷಭ’ ಶಬ್ದದ ತದ್ಭವವೇ ‘ಬಸವ’ ಎಂಬುದು ವ್ಯಾಕರಣದ ಮಾತು. ಆ ಮಕ್ಕಳು ವ್ಯಾಕರಣವನ್ನು ಓದದೆಯೇ ತಮ್ಮ ಮಣ್ಣಿನ ಎತ್ತನ್ನು ‘ಬಸವಣ್ಣ’ ಎಂದು ಕರೆದು ಅದಕ್ಕೆ ಮೇವು ಹಾಕುತ್ತಿದ್ದರು.

ಎತ್ತಿದ್ದ ಮೇಲೆ ಬಂಡಿ ಬೇಡವೆ? ಅದಕ್ಕೆ ಜೋಳದ ದಂಟು. ಒಣಗಿದ ದಂಟಿನ ಮೇಲಿನ ಸಿಬಿರನ್ನು ಉಗುರಿನಿಂದಲೋ ಹಲ್ಲಿನಿಂದಲೋ ಸುಲಿದರೆ ಒಳಗೆ ಹಗುರವಾದ ಬಿಳಿಯ ಬೆಂಡು ದೊರೆಯುವುದು. (ಸಿಬಿರಿನ ಅಂಚು ಬಲು ಹರಿತ, ಬೆರಳು ಕೊಯ್ದುಕೊಳ್ಳದೆ ಬಂಡಿ ಮಾಡಿದವರು ವಿರಳ.) ಬೆಂಡು ಮೆತ್ತಗೆ, ಸಿಬಿರು ಗಟ್ಟಿ. ಮೆತ್ತಗಿನದರಲ್ಲಿ ಗಟ್ಟಿಯಾದುದನ್ನು ಚುಚ್ಚಿದರೆ ಜೋಡಣೆ ಸಿದ್ಧ. ಮೊಳೆ ಬೇಡ, ಅಂಟು ಬೇಡ. ಬೆಂಡಿನ ತುಂಡುಗಳೇ ಗಾಲಿ, ಸಿಬಿರಿನ ಕಡ್ಡಿಯೇ ಅಚ್ಚು. ಉದ್ದನೆಯ ದಂಟು ಮೂಕಿಯಾಗುವುದು, ಅದರ ತುದಿಗೆ ಅಡ್ಡವಾಗಿ ನೊಗ. ಗಾಲಿಯು ಅಚ್ಚಿನಿಂದ ಜಾರಿ ಬೀಳದಂತೆ ತುದಿಯಲ್ಲೊಂದು ಚಿಕ್ಕ ಕಡೆಗೀಲು. ಆ ಕೀಲನ್ನು ಮರೆತವನ ಬಂಡಿ ನಾಲ್ಕು ಮಾರು ಹೋಗುವಷ್ಟರಲ್ಲಿ ಮಗುಚುತ್ತಿತ್ತು. ಸಂಜೆಗೆ ಮನೆಯ ಎಮ್ಮೆ ಬಂಡಿಯನ್ನೇ ಮೇಯ್ದುಬಿಟ್ಟ ಪ್ರಸಂಗಗಳಿಗೂ ಕೊರತೆಯಿರಲಿಲ್ಲ.

ವಚನಗಳನ್ನು ಓದಿದವರಿಗೆ ‘ಕಡೆಗೀಲು’ ಎಂದೊಡನೆ ಏನು ನೆನಪಾಗುವುದೆಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕಿಲ್ಲ. ವಿಚಾರ ಮಾಡಬೇಕಾದ ಸಂಗತಿ ಬೇರೆಯಿದೆ. ಬಸವಾದಿ ಶರಣರು ತಮ್ಮ ಅನುಭಾವವನ್ನು ಒಕ್ಕಲುತನದ, ಕಾಯಕದ ಸಲಕರಣೆಗಳ ಮೂಲಕ ನುಡಿದರು. ಆ ನುಡಿ ಕೇಳಿದವರಿಗೆ ಕೂಡಲೆ ತಿಳಿಯಿತು, ಏಕೆಂದರೆ ಆ ವಸ್ತುಗಳು ಅವರ ಕಣ್ಣೆದುರಿನಲ್ಲಿದ್ದವು. ಶತಮಾನಗಳು ಕಳೆದರೂ ದಂಟಿನ ಬಂಡಿಯನ್ನು ಕಟ್ಟಿದ ಬಾಲಕನಿಗೆ ಕಡೆಗೀಲೆಂದರೇನೆಂದು ಗುರುಗಳು ವಿವರಿಸಬೇಕಾಗಿರಲಿಲ್ಲ; ಅದರ ಅರ್ಥ ಅವನ ಬೆರಳಿಗೆ ಗೊತ್ತಿತ್ತು. ಈಗ ಅದೇ ಶಬ್ದಕ್ಕೆ ಪಠ್ಯದಲ್ಲಿ ಟಿಪ್ಪಣಿ ಬೇಕಾಗಿದೆ. ಮೂಕಿ, ಹಿಣಿಲು, ಗಂಗೆದೊಗಲು ಎಂಬ ಶಬ್ದಗಳೂ ಒಂದೊಂದಾಗಿ ನಿಘಂಟನ್ನು ಸೇರುತ್ತಿವೆ. ಆಟಿಕೆಯೊಂದು ಮರೆಯಾದಾಗ ಆಟವಷ್ಟೇ ಹೋಗುವುದಿಲ್ಲ, ಅದರ ಬೆನ್ನಿಗೆ ಹತ್ತಾರು ಮಾತುಗಳೂ ಹೋಗುತ್ತವೆ.

ಮಣ್ಣಿನ ಬಂಡಿಯ ಇತಿಹಾಸ ಸಣ್ಣದಲ್ಲ. ಸಿಂಧೂ ಕಣಿವೆಯ ಹರಪ್ಪ, ಮೊಹೆಂಜೊದಾರೊಗಳ ಉತ್ಖನನದಲ್ಲಿ ಸುಟ್ಟ ಮಣ್ಣಿನ ಪುಟ್ಟ ಬಂಡಿಗಳೂ ತಲೆಯಾಡಿಸುವ ದನದ ಬೊಂಬೆಯೂ ದೊರೆತಿವೆ. ಅವು 4000 ವರ್ಷಗಳಿಗೂ ಹಿಂದಿನವು. ಸಂಸ್ಕೃತದಲ್ಲಿ ಶೂದ್ರಕ ಕವಿಯು ತನ್ನ ಪ್ರಕರಣಕ್ಕೆ ಇಟ್ಟ ಹೆಸರೇ ‘ಮೃಚ್ಛಕಟಿಕ’, ಎಂದರೆ ಮಣ್ಣಿನ ಪುಟ್ಟ ಬಂಡಿ. ಅದರ ಆರನೆಯ ಅಂಕದಲ್ಲಿ ಬಡವನಾದ ಚಾರುದತ್ತನ ಮಗ ರೋಹಸೇನನು ನೆರೆಮನೆಯ ಹುಡುಗನ ಚಿನ್ನದ ಬಂಡಿಯೇ ಬೇಕೆಂದು ಅಳುವನು. ದಾಸಿ ರದನಿಕೆ ಮಾಡಿಕೊಟ್ಟ ಮಣ್ಣಿನ ಬಂಡಿ ಅವನಿಗೆ ಬೇಡ. ವಸಂತಸೇನೆಯು ಮರುಗಿ ತನ್ನ ಒಡವೆಗಳನ್ನು ಆ ಬಂಡಿಯಲ್ಲಿ ತುಂಬುವಳು. ಆ ಒಡವೆಗಳೇ ಮುಂದೆ ನ್ಯಾಯಸ್ಥಾನದಲ್ಲಿ ಚಾರುದತ್ತನಿಗೆ ಮುಳುವಾಗುವುವು. ಚಿನ್ನದ ಬಂಡಿಯ ಹೆಸರನ್ನು ಬಿಟ್ಟು ಮಣ್ಣಿನ ಬಂಡಿಯ ಹೆಸರನ್ನೇ ಕವಿಯು ಕೃತಿಗೆ ಇಟ್ಟಿರುವನೆಂಬುದು ಗಮನಾರ್ಹ.

ಕೊಂಡುಕೊಳ್ಳುವ ಬೊಂಬೆಗಳೆಲ್ಲ ಕೀಳೆಂದು ಇದರಿಂದ ಭಾವಿಸಕೂಡದು. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜಾಟದ ಕಾವಿನಿಂದಲೇ ಬಣ್ಣವನ್ನು ಕರಗಿಸಿ ಹಚ್ಚುವ ಚನ್ನಪಟ್ಟಣದ ಕುಶಲಿಗಳು, ಹಗುರ ಮರದ ಬೊಂಬೆಗೆ ಹುಣಸೆಬೀಜದ ಸರಿಯಿಂದ ಮೈದುಂಬುವ ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ನಾಡಿನ ಹೆಮ್ಮೆ. ಅವರ ಬೊಂಬೆಗಳನ್ನು ಮಕ್ಕಳಿಗೆ ಕೊಡುವುದು ಸತ್ಕಾರ್ಯವೇ ಸರಿ. ಆದರೆ ಸಿದ್ಧವಾಗಿ ಬಂದ ಆಟಿಕೆಯ ಒಳಗುಟ್ಟು ಮಾಡಿದವನಿಗೆ ಮಾತ್ರ ಗೊತ್ತು. ಆಡುವವನಿಗೆ ಅದು ದೊರೆಯುವುದು ಮುರಿದಾಗಲೇ.

ಈಗ ಹೊಲಗಳಲ್ಲಿ ಟ್ರ್ಯಾಕ್ಟರು ಎತ್ತಿನ ಕೆಲಸವನ್ನು ಬಹುಮಟ್ಟಿಗೆ ವಹಿಸಿಕೊಂಡಿದೆ. ಜೋಳ ಬೆಳೆಯುತ್ತಿದ್ದ ಎಷ್ಟೋ ಭೂಮಿಯಲ್ಲಿ ಕಬ್ಬು, ಗೋವಿನಜೋಳ ನಿಂತಿವೆ. ಅಮಾವಾಸ್ಯೆಯ ಸಂತೆಗೆ ಅಚ್ಚಿನಲ್ಲಿ ಎರೆದು ಬಣ್ಣ ಬಳಿದ ಎತ್ತುಗಳೂ ಬರುತ್ತಿವೆ. ಅವು ನೀರಿನಲ್ಲಿ ಬೇಗ ಕರಗುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಎಳೆಯ ಮಕ್ಕಳಿಗೆ ಆಟದ ಮೂಲಕ ಕಲಿಸಬೇಕೆಂದು ಹೇಳಿದೆ. ಇದನ್ನು ಮೆಚ್ಚಿ ಶಾಲೆಗೆ ಆಟಿಕೆಗಳ ಪೆಟ್ಟಿಗೆಯನ್ನು ಕೊಡಬಯಸುವ ಉದಾರಿಗಳು ಅದರ ಜೊತೆಗೆ ಒಂದು ಬಂಡಿ ಎರೆಮಣ್ಣನ್ನೂ ಹಾಕಿಸಿಕೊಟ್ಟರೆ ಖರ್ಚು ಹೆಚ್ಚೇನೂ ಆಗದು. ಮಣ್ಣೆತ್ತಿನ ಅಮಾವಾಸ್ಯೆ ಬರುವುದು ಶಾಲೆಗಳು ತೆರೆದ ಕೆಲವೇ ವಾರಗಳಲ್ಲಿ. ಮಳೆ ಹಿಡಿದರೆ ಹಳ್ಳದ ಮಣ್ಣು ಕೈಗೆ ಹತ್ತುವುದಿಲ್ಲವಾದ್ದರಿಂದ ಅದನ್ನು ಮೇ ತಿಂಗಳಲ್ಲಿಯೇ ತಂದು ಮುಚ್ಚಿಡುವುದು ಲೇಸು. ದಂಟಿಗೆ ಹಿಂಗಾರಿಯ ಸುಗ್ಗಿಯವರೆಗೆ ಕಾಯಬೇಕಾಗುವುದು.