ಕಾರು ಜಾರಿಸುವ ಆಟಕ್ಕೆ ಹೆದ್ದಾರಿ ಅಂಗಳವಲ್ಲ

ಮೊಗ್ರಾಲ್: ಫುಟ್ಬಾಲ್‌ಗೂ ಮಾಪಿಳ್ಳ ಹಾಡಿಗೂ ಹೆಸರಾದ ಊರು ಮೊಗ್ರಾಲ್. ಗಲ್ಫ್ ನಂಟೂ ಇಲ್ಲಿಗೆ ಹೊಸತಲ್ಲ. ಟಯರಿನಿಂದ ಹೊಗೆ ಎಬ್ಬಿಸುತ್ತಾ ಕಾರು ಅಡ್ಡಡ್ಡ ಓಡುವ ಅಲ್ಲಿನ ವೀಡಿಯೊಗಳು ಈಗ ನಮ್ಮ ಹುಡುಗರ ಮೊಬೈಲಿನಲ್ಲೂ ಮಾಮೂಲು. ‘ನಮಗೂ ಹೀಗೆ ಮಾಡ್ಲಿಕ್ಕೆ ಆಗ್ತದಾ?’ ಎಂಬ ಆಸೆ ಹುಟ್ಟುವುದು ಸಹಜ. ಇದರ ಹೆಸರೇ ಡ್ರಿಫ್ಟಿಂಗ್.

ಜಪಾನಿನಲ್ಲಿ ಹುಟ್ಟು

1970ರ ದಶಕದಲ್ಲಿ ಜಪಾನಿನ ರೇಸ್ ಚಾಲಕ ಕುನಿಮಿತ್ಸು ತಕಾಹಾಶಿ ತಿರುವುಗಳಲ್ಲಿ ಕಾರು ಜಾರಿಸಿಯೇ ಮುನ್ನುಗ್ಗುತ್ತಿದ್ದರು. ಅವರನ್ನು ನೋಡಿ ಕಲಿತ ಕೆಯಿಚಿ ತ್ಸುಚಿಯಾ ‘ಡ್ರಿಫ್ಟ್ ಕಿಂಗ್’ ಎನಿಸಿಕೊಂಡರು. ಘಾಟಿ ರಸ್ತೆಯ ಸಾಹಸಕ್ಕಾಗಿ ಅವರ ರೇಸಿಂಗ್ ಲೈಸೆನ್ಸೂ ಅಮಾನತಾಗಿತ್ತು! ಅಮೆರಿಕದಲ್ಲಿ 2004ರಲ್ಲಿ ‘ಫಾರ್ಮುಲಾ ಡ್ರಿಫ್ಟ್’ ಸರಣಿ ಆರಂಭವಾಯಿತು. 2013ರಲ್ಲಿ ಲೆಬನಾನಿನ ಅಬ್ದೊ ಫೆಘಾಲಿ ಅಬುಧಾಬಿಯ ಯಾಸ್ ಮರೀನಾ ಸರ್ಕ್ಯೂಟ್‌ನಲ್ಲಿ 11 ಕಿ.ಮೀ.ಗೂ ಹೆಚ್ಚು ದೂರ ಡ್ರಿಫ್ಟ್ ಮಾಡಿ ಗಿನ್ನೆಸ್ ದಾಖಲೆ ಬರೆದರು. ಗಮನಿಸಿ, ಅದು ಮುಚ್ಚಿದ ಟ್ರ್ಯಾಕ್, ಊರ ರಸ್ತೆಯಲ್ಲ.

ಈ ಸ್ಪರ್ಧೆಯಲ್ಲಿ ಮೊದಲು ಗುರಿ ಮುಟ್ಟಿದವನೇ ಗೆಲ್ಲಬೇಕೆಂದಿಲ್ಲ. ಕಾರು ಎಷ್ಟು ಓರೆಯಾಗಿ, ಯಾವ ಹಾದಿ ಹಿಡಿದು, ಎಷ್ಟು ಚಂದವಾಗಿ ಜಾರಿತು ಎಂದು ತೀರ್ಪುಗಾರರು ಅಂಕ ಕೊಡುತ್ತಾರೆ.

ಕಾರು ಕಟ್ಟುವುದು ಹೇಗೆ?

ಎಂಜಿನ್ ಶಕ್ತಿ ಹಿಂದಿನ ಚಕ್ರಕ್ಕೆ ಹೋಗುವ ಕಾರೇ ಬೇಕು. ಹಳೆಯ ಅಂಬಾಸಿಡರ್, ಕಾಂಟೆಸ್ಸಾ ಆ ಜಾತಿಯವು. ಹಿಂದಿನ ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಡಿಫರೆನ್ಶಿಯಲ್ ಬದಲಿಸಬೇಕು. ಮುಂದಿನ ಚಕ್ರ ಹೆಚ್ಚು ತಿರುಗುವಂತೆ ಸ್ಟಿಯರಿಂಗ್ ಭಾಗ, ಹೈಡ್ರಾಲಿಕ್ ಹ್ಯಾಂಡ್‌ಬ್ರೇಕ್, ಗಟ್ಟಿ ಸಸ್ಪೆನ್ಷನ್, ದೊಡ್ಡ ರೇಡಿಯೇಟರ್ ಸೇರಿಸಬೇಕು. ಕಾರು ಮಗುಚಿದರೆ ಜೀವ ಉಳಿಸಲು ಉಕ್ಕಿನ ರೋಲ್ ಕೇಜ್, ರೇಸಿಂಗ್ ಬೆಲ್ಟ್, ಹೆಲ್ಮೆಟ್. ಟಯರಂತೂ ನೀರಿನಂತೆ ಖರ್ಚು.

ನಮ್ಮ ಮನೆಯಂಗಳದ ಆಲ್ಟೊ, ಸ್ವಿಫ್ಟ್‌ಗಳಲ್ಲಿ ಶಕ್ತಿ ಹೋಗುವುದು ಮುಂದಿನ ಚಕ್ರಕ್ಕೆ. ಹ್ಯಾಂಡ್‌ಬ್ರೇಕ್ ಎಳೆದರೆ ಹಿಂಬದಿ ಜಾರೀತು. ಆದರೆ ಹಿಂದಿನ ಚಕ್ರಕ್ಕೆ ಶಕ್ತಿಯೇ ಇಲ್ಲದ ಕಾರಣ ಆ ಜಾರುವಿಕೆಯನ್ನು ಎಕ್ಸಲೇಟರ್‌ನಿಂದ ಹಿಡಿತದಲ್ಲಿಡಲು ಆಗುವುದಿಲ್ಲ. ಅದು ಡ್ರಿಫ್ಟ್ ಅಲ್ಲ, ಅಪಘಾತಕ್ಕೆ ಆಹ್ವಾನ.

ಕಾನೂನು ಏನೆನ್ನುತ್ತದೆ?

ಕಂಪನಿ ಕೊಟ್ಟ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ, ಕೇರಳದ್ದೇ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಹೇಳಿದೆ. ಅಂದರೆ ಡ್ರಿಫ್ಟ್ ಕಾರು ರಸ್ತೆಗಿಳಿಯುವಂತಿಲ್ಲ. 18 ತುಂಬದ ಹುಡುಗರು ವಾಹನದಲ್ಲಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಮಾಲಕರಿಗೆ 3 ವರ್ಷದವರೆಗೆ ಜೈಲು, 25,000 ರೂ. ದಂಡ. 2024ರ ಡಿಸೆಂಬರ್‌ನಲ್ಲಿ ಕೋಝಿಕ್ಕೋಡ್ ಬೀಚ್ ರಸ್ತೆಯಲ್ಲಿ ಕಾರುಗಳ ರೀಲ್ಸ್ ಚಿತ್ರೀಕರಿಸುತ್ತಿದ್ದ ಯುವಕನೊಬ್ಬ ಕಾರು ಬಡಿದು ಪ್ರಾಣ ಬಿಟ್ಟ. ಆ ಮನೆಯವರ ಸಂಕಟಕ್ಕೆ ಯಾವ ಲೈಕ್ ಪರಿಹಾರ?

ಆಸಕ್ತಿ ಇದ್ದವರಿಗೆ ದಾರಿ ಇಲ್ಲವೆಂದಲ್ಲ. ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ, ಚೆನ್ನೈ ಬಳಿ ಇರುಂಗಾಟುಕೋಟ್ಟೈ ಟ್ರ್ಯಾಕ್ ಇವೆ. ಮೋಟಾರು ಕ್ರೀಡಾ ಒಕ್ಕೂಟ ಎಫ್‌ಎಂಎಸ್‌ಸಿಐ ಲೈಸೆನ್ಸ್ ಪಡೆದು ಆಟೋಕ್ರಾಸ್‌ನಿಂದ ಆರಂಭಿಸಬಹುದು. ಆದರೆ ನಮ್ಮ ಜಿಲ್ಲೆಯಿಂದ ಅವು ದೂರ. ಹತ್ತಿರದಲ್ಲೇ ಒಂದು ಸುರಕ್ಷಿತ ಅಂಗಳ ಬೇಕೆಂಬ ಬೇಡಿಕೆ ನ್ಯಾಯವಾದದ್ದೇ.

ಚೆಂಡಾಟಕ್ಕೆ ಮೈದಾನ ಬೇಕೆಂದು ಮೊಗ್ರಾಲಿನವರಿಗೆ ಯಾರೂ ಕಲಿಸಬೇಕಿಲ್ಲ. ಕಾರಿನಾಟಕ್ಕೂ ಅಷ್ಟೇ. ಅಲ್ಲಿಯವರೆಗೆ ಕೀಲಿಕೈ ಅಪ್ಪ-ಅಮ್ಮನ ಕೈಯಲ್ಲಿರಲಿ, ಆಗದೇ?