ಶಬ್ದಕ್ಕೆ ಯಾವ ದಾರಿ ಸುಗಮ?

ಮಂಡ್ಯದ ಬಯಲಿನಲ್ಲಿ ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ನಾವು ನಿಂತಿದ್ದೇವೆಂದು ಭಾವಿಸೋಣ. ದೂರದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದಾರೆ. ಬಟ್ಟೆ ಕಲ್ಲಿಗೆ ಬಡಿದುದು ಮೊದಲು ಕಣ್ಣಿಗೆ ಕಾಣುತ್ತದೆ. ಅದರ ಸಪ್ಪಳ ಅನಂತರ ಕಿವಿಗೆ ಬೀಳುತ್ತದೆ. ಈ ಅಂತರವು ಒಂದು ಸೆಕೆಂಡಾದರೆ ಆ ಕಲ್ಲು ನಮ್ಮಿಂದ ಸುಮಾರು 343 ಮೀಟರು ದೂರದಲ್ಲಿದೆಯೆಂದು ತಿಳಿಯಬಹುದು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಶಬ್ದವು ಒಂದು ಸೆಕೆಂಡಿಗೆ ಚಲಿಸುವ ದೂರವೇ ಅಷ್ಟು.

ಆದರೆ ನಾಲೆಯ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,480 ಮೀಟರು. ಮದ್ದೂರಿನಿಂದ ಮಂಡ್ಯದತ್ತ ಸಾಗುವ ರೈಲುಹಳಿಯ ಉಕ್ಕಿನಲ್ಲಿ ಸುಮಾರು 5,000 ಮೀಟರು. ಈ ಎರಡು ಊರುಗಳ ನಡುವೆ ಸುಮಾರು 20 ಕಿಲೋಮೀಟರುಗಳಿವೆ. ದಾರಿಯಲ್ಲಿ ಅಡಗಿಹೋಗದಂಥ ಶಬ್ದವೊಂದಿದ್ದರೆ, ಅದು ಇಷ್ಟು ದೂರವನ್ನು ಗಾಳಿಯಲ್ಲಿ 58 ಸೆಕೆಂಡುಗಳಲ್ಲಿಯೂ ನೀರಿನಲ್ಲಿ ಹದಿಮೂರೂವರೆ ಸೆಕೆಂಡುಗಳಲ್ಲಿಯೂ ಉಕ್ಕಿನಲ್ಲಿ ನಾಲ್ಕೇ ಸೆಕೆಂಡುಗಳಲ್ಲಿಯೂ ಕ್ರಮಿಸುತ್ತಿತ್ತು.

ಇದು ಬರಿಯ ಲೆಕ್ಕವಲ್ಲ. 1808ರಲ್ಲಿ ಫ್ರಾನ್ಸಿನ ವಿಜ್ಞಾನಿ ಬಿಯೋ, ಪ್ಯಾರಿಸಿನಲ್ಲಿ 951 ಮೀಟರು ಉದ್ದದ ಕಬ್ಬಿಣದ ಕೊಳವೆಯೊಂದರ ತುದಿಯನ್ನು ಬಡಿಸಿ ಪರೀಕ್ಷಿಸಿದನು. ಇನ್ನೊಂದು ತುದಿಯಲ್ಲಿ ಒಂದೇ ಪೆಟ್ಟಿಗೆ ಎರಡು ಸದ್ದುಗಳು ಕೇಳಿಸಿದವು. ಕಬ್ಬಿಣದ ಮೂಲಕ ಬಂದ ಸದ್ದು ಮೊದಲು. ಸುಮಾರು ಎರಡೂವರೆ ಸೆಕೆಂಡುಗಳ ಅನಂತರ, ಕೊಳವೆಯೊಳಗಿನ ಗಾಳಿಯ ಮೂಲಕ ಬಂದ ಸದ್ದು.

ಹಾಗಾದರೆ ವಸ್ತು ಭಾರವಾದಷ್ಟೂ ಶಬ್ದದ ವೇಗ ಹೆಚ್ಚುವುದೆ? ಅನೇಕ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಸೀಸವು ಉಕ್ಕಿಗಿಂತ ಹೆಚ್ಚು ಸಾಂದ್ರವಾದುದು. ಆದರೂ ಸೀಸದ ಸರಳಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,200 ಮೀಟರು ಮಾತ್ರ. ಶಬ್ದವೆಂದರೆ ಕಣದಿಂದ ಕಣಕ್ಕೆ ದಾಟುವ ತಳ್ಳಾಟ. ಅದುಮಿದಾಗ ಬಗ್ಗದೆ ಥಟ್ಟನೆ ಪುಟಿಯುವ ಬಿಗುಪು ಈ ತಳ್ಳಾಟವನ್ನು ಮುಂದೂಡುತ್ತದೆ. ಕಣಗಳ ಭಾರವು ಅದನ್ನು ತಡೆಯುತ್ತದೆ. ಬಿಗುಪನ್ನು ಸಾಂದ್ರತೆಯಿಂದ ಭಾಗಿಸಿ ವರ್ಗಮೂಲ ತೆಗೆದರೆ ಬರುವುದೇ ಶಬ್ದದ ವೇಗ. ಉಕ್ಕು ಭಾರವಾದರೂ ಅದರ ಬಿಗುಪು ಭಾರವನ್ನು ಮೀರಿಸುತ್ತದೆ. ಮೆದುವಾದ ಸೀಸದಲ್ಲಿ ಆ ಬಲವಿಲ್ಲ.

ಆದುದರಿಂದ ವೇಗವನ್ನು ಅಳೆದರೆ ವಸ್ತುವಿನ ಒಡಲೇ ತಿಳಿಯುತ್ತದೆ. ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿಯಲ್ಲಿ ಕಾವೇರಿಯು ಗಟ್ಟಿ ಬಂಡೆಗಳ ಮೇಲಿನಿಂದ ಧುಮುಕುತ್ತದೆ. ಅಂಥ ಬಂಡೆ ಬಿರುಕಿಲ್ಲದಿದ್ದರೆ ಶಬ್ದವು ಅದರಲ್ಲಿ ಸೆಕೆಂಡಿಗೆ 5,000 ಮೀಟರಿಗೂ ಹೆಚ್ಚು ವೇಗದಿಂದ ಸಾಗಬಲ್ಲದು. ಶಿಥಿಲವಾಗಿ ಸೀಳು ಬಿಟ್ಟಿದ್ದರೆ ಆ ವೇಗ ಬಹಳ ಕುಗ್ಗುತ್ತದೆ. ಅಣೆಕಟ್ಟಿನ ತಳಪಾಯವನ್ನು ಪರೀಕ್ಷಿಸುವ ಎಂಜಿನಿಯರುಗಳು ನೆಲಕ್ಕೆ ಪೆಟ್ಟುಕೊಟ್ಟು ಅಲೆಗಳ ವೇಗವನ್ನು ಅಳೆಯುವುದು ಇದಕ್ಕಾಗಿಯೇ.

ಹಳಿಗೆ ಕಿವಿಯಿಟ್ಟು ರೈಲಿನ ಬರವನ್ನು ತಿಳಿಯುವ ಹುಡುಗಾಟವನ್ನು ವಾಚಕರು ಕೇಳಿರಬಹುದು. ಅದು ಪ್ರಾಣಕ್ಕೆ ಎರವಾಗುವ ಆಟ. ಅದನ್ನು ಯಾರೂ ಆಡಕೂಡದು. ಹಳಿಗೆ ಕಿವಿಗೊಡುವ ಕೆಲಸವನ್ನು ಇಂದು ಉಪಕರಣಗಳೇ ಮಾಡುತ್ತವೆ. ರೈಲ್ವೆಯವರು ನಮ್ಮ ಕಿವಿಗೆ ಕೇಳಿಸದ ಶ್ರವಣಾತೀತ ಅಲೆಗಳನ್ನು ಹಳಿಯೊಳಕ್ಕೆ ಕಳುಹಿಸುತ್ತಾರೆ. ಒಳಗೆ ಬಿರುಕಿದ್ದರೆ ಅಲ್ಲಿಂದಲೇ ಪ್ರತಿಧ್ವನಿ ಮರಳುತ್ತದೆ. ಉಕ್ಕಿನಲ್ಲಿ ಅಲೆಯ ವೇಗ ಮೊದಲೇ ತಿಳಿದಿರುವುದರಿಂದ, ಮರಳಲು ಹಿಡಿದ ಕಾಲವೇ ಬಿರುಕಿನ ಆಳವನ್ನು ಹೇಳುತ್ತದೆ. ಪಠ್ಯಪುಸ್ತಕದಲ್ಲಿ ನಾವು ಕಂಠಪಾಠ ಮಾಡುವ ಆ ಒಂದು ಅಂಕಿಯನ್ನು ನಂಬಿ ಸಾವಿರಾರು ಪ್ರಯಾಣಿಕರು ಪ್ರತಿದಿನವೂ ಈ ಹಳಿಗಳ ಮೇಲೆ ನಿಶ್ಚಿಂತೆಯಿಂದ ಸಾಗುತ್ತಿದ್ದಾರೆ.